ಐಸಿಯುನಿಂದ ಮನೆಗೆ ಬಂದವರನ್ನು ಮಂಚದಿಂದ ಎಬ್ಬಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ನನಗೆ ಮತ್ತೆ ಮತ್ತೆ ಕೇಳಿಸುವ ಮಾತು: ‘ಮಕ್ಕೊಂಡಿರ್ಲಿ ಬಿಡ್ರಿ ಸರ್, ಭಾಳ ನಿತ್ರಾಣ ಆಗ್ಯಾರ.’ ಮಲಗಿಯೇ ಇದ್ದರೆ ಆ ನಿತ್ರಾಣ ಇನ್ನೂ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಿಂದ ಅಳೆದಿದ್ದರು. 10ನೇ ದಿನಕ್ಕೆ ಅದು ಸರಾಸರಿ ಶೇ 18ರಷ್ಟು ಸೊರಗಿತ್ತು.

1. ಎಷ್ಟು ಎಬ್ಬಿಸಬಹುದು ಎಂದು ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮೂಳೆ ಮುರಿದವರಿಗೆ, ಲಕ್ವಾ ಹೊಡೆದವರಿಗೆ ವಿಧಾನವೇ ಬೇರೆ.

2. ಮಲಗಿದಲ್ಲೇ ಆಗಾಗ ಪಾದಗಳನ್ನು ಮೇಲೆ-ಕೆಳಗೆ ಆಡಿಸಲಿ. ಮಲಗಿ ಮಲಗಿ ಚರ್ಮ ಒತ್ತಿ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ. ನಡುವೆ ತೂತಿರುವ ರಬ್ಬರ್ ರಿಂಗನ್ನು ಮಾತ್ರ ಕೊಳ್ಳಲೇಬೇಡಿ. ಅದರ ಅಂಚು ಸುತ್ತಲಿನ ಚರ್ಮವನ್ನು ಒತ್ತಿ, ಹುಣ್ಣು ತಡೆಯುವ ಬದಲು ತಾನೇ ಹುಣ್ಣಿಗೆ ದಾರಿ ಮಾಡುತ್ತದೆ. ಏರ್‌ಬೆಡ್ ತಂದವರೂ ಮಗ್ಗಲು ಬದಲಿಸಲೇಬೇಕು.

3. ಇನ್ನು ಎಬ್ಬಿಸಿ ಕೂಡಿಸುವುದು. ಎಲ್ಲರೂ ತಪ್ಪುವುದು ಇಲ್ಲೇ. ಒಬ್ಬರು ಎರಡೂ ಕೈ ಹಿಡಿದು ಜಗ್ಗುತ್ತಾರೆ, ಇನ್ನೊಬ್ಬರು ಕುತ್ತಿಗೆಗೆ ಕೈ ಹಾಕಿ ಎತ್ತುತ್ತಾರೆ. ಬಲ ಕಳೆದುಕೊಂಡ ಭುಜ ಆ ಜಗ್ಗಾಟ ತಡೆಯುವುದಿಲ್ಲ. ಹಾಗೆ ಮಾಡಬೇಡಿ. ಮೊದಲು ಮೂತ್ರದ ನಳಿಕೆ ಎಲ್ಲಿದೆ ನೋಡಿ, ಚೀಲವನ್ನು ನೀವು ಇಳಿಸಲಿರುವ ಮಗ್ಗುಲಿಗೇ ತನ್ನಿ. ಅದು ಸದಾ ಹೊಟ್ಟೆಗಿಂತ ಕೆಳಗಿರಲಿ. ಮೊಣಕಾಲು ಮಡಚಿಸಿ, ನಿಮ್ಮ ಕಡೆಗೆ ಪೂರ್ತಿ ಹೊರಳಿಸಿ. ಪಾದಗಳನ್ನು ಮಂಚದಿಂದ ಕೆಳಗಿಳಿಸಿ. ಈಗ ಒಂದು ಕೈ ಅವರ ಭುಜದ ಹಿಂದೆ, ಇನ್ನೊಂದು ಸೊಂಟದ ಮೇಲೆ. ‘ಮೊಣಕೈ ಊರಿ ಏಳ್ರಿ’ ಅನ್ನಿ, ಏಳುವ ಕೆಲಸ ಅವರೇ ಮಾಡಲಿ. ನೀವು ಆಸರೆ ಅಷ್ಟೇ. ಹತ್ತು ಎಣಿಸುವಷ್ಟು ಹೊತ್ತು ಹಿಡಿದರೂ ಕಾಯಿರಿ.

ಕೂತ ಮೇಲೆ ಪಾದ ನೆಲಕ್ಕೆ ಮುಟ್ಟಲೇಬೇಕು. ಮಂಚ ಎತ್ತರವಿದ್ದರೆ ಅಲುಗಾಡದ ಮಣೆ ಇಡಿ. ಬಹುದಿನ ಮಲಗಿದವರ ರಕ್ತ ಎದ್ದೊಡನೆ ಕಾಲಿಗಿಳಿಯುತ್ತದೆ, ಬಿಪಿ ಕುಸಿಯುತ್ತದೆ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಮಲಗಿದಾಗೊಮ್ಮೆ, ಕೂತು ಮೂರು ನಿಮಿಷದೊಳಗೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದಿದ್ದರೆ, ಇಲ್ಲವೇ ಮುಖ ಬಿಳುಚಿ ಬೆವರಿದರೆ, ಮಲಗಿಸಿ ಡಾಕ್ಟರಿಗೆ ತಿಳಿಸಿ. ಎದುರಿಗೇ ನಿಂತು ಮಾತಾಡಿಸುತ್ತಿರಿ. ನೀರು ತರಲೆಂದು ಒಳಗೆ ಹೋದ ಅರ್ಧ ನಿಮಿಷದಲ್ಲಿ ಅಜ್ಜಾರು ಮುಂದಕ್ಕೆ ಮುಗ್ಗರಿಸಿದ್ದನ್ನು ಕಂಡಿದ್ದೇನೆ. ಮೊದಲ ದಿನ ಐದು ನಿಮಿಷ ಕೂತರೆ ಸಾಕು. ಊಟವಾದ ತಕ್ಷಣ ಎಬ್ಬಿಸುವುದು ಬೇಡ.

4. ಕೂಡುವುದು ಗಟ್ಟಿಯಾದ ಮೇಲೆ ನಿಲ್ಲಿಸಿ; ಆಮೇಲೆ ಮೂರು ಹೆಜ್ಜೆ, ಕುರ್ಚಿಯವರೆಗೆ. ಕೈ ಇರುವ ಭಾರದ ಕಟ್ಟಿಗೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಫರ್ಶಿ ಮೇಲೆ ಜಾರುತ್ತದೆ. ಕೋಲಿಗಿಂತ ನಾಲ್ಕು ಕಾಲಿನ ವಾಕರ್ ಮೇಲು.

5. ಊಟದಲ್ಲಿ ಗಂಜಿಯೊಂದೇ ಸಾಲದು. ಮಡಕಿಕಾಳು, ಹೆಸರುಕಾಳು, ಮೊಸರು, ತಿನ್ನುವವರಿಗೆ ತತ್ತಿ ಇರಲಿ. ಕಿಡ್ನಿ ತೊಂದರೆಯಿದ್ದವರು ಡಾಕ್ಟರನ್ನು ಕೇಳಿಯೇ ತಿನ್ನಲಿ.

ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ನಡೆಸಲೂಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಫೋನ್ ಹಚ್ಚಿ.