ಹಿನ್ನೆಲೆ ಮಸುಕಾಗಲಿ, ಮುಂದಲೆಯಲ್ಲ

ಆಟದ ಸೀಸನ್ ಶುರುವಾಯಿತೆಂದರೆ ಹೊನ್ನಾವರ, ಕುಮಟಾ, ಶಿರಸಿ ಪೇಟೆಗಳಲ್ಲಿ ಯಕ್ಷಗಾನದ ಫ್ಲೆಕ್ಸ್‌ಗಳು ಏಳುತ್ತವೆ. ವೇಷ ಎದ್ದು ಕಾಣಲೆಂದು ಹಿನ್ನೆಲೆಯನ್ನು ಬ್ಲರ್ ಮಾಡಿರುತ್ತಾರೆ. ಆದರೆ ವೇಷದ ಸುತ್ತ ಕೆಂಪು ಹೊಗೆಯಂಥ ಬಣ್ಣ ಹರಡಿರುತ್ತದೆ, ಕಾಲು ನೆಲ ಮುಟ್ಟದೆ ತೇಲುತ್ತಿರುತ್ತದೆ, ಕೇದಗೆ ಮುಂದಲೆ ಎಂಬ ಶಿರೋಭೂಷಣದ ಅಂಚು ಯಾರೋ ಬ್ಲೇಡಿನಲ್ಲಿ ಹೆರೆದಂತಿರುತ್ತದೆ. ಬ್ಲರ್ ಹೆಚ್ಚು ಕಡಿಮೆ ಮಾಡುತ್ತ ಕೂತರೆ ಇವು ಸರಿಹೋಗುವುದಿಲ್ಲ. ಈ ಮೂರೂ ಲೇಯರ್ (ಒಂದರ ಮೇಲೊಂದು ಇಟ್ಟ ಚಿತ್ರದ ಪದರ) ಮತ್ತು ಮಾಸ್ಕ್ (ಪದರದ ಯಾವ ಭಾಗ ಕಾಣಬೇಕೆಂದು ಹೇಳುವ ಕಪ್ಪು-ಬಿಳಿ ಮರೆ) ಬಳಸುವಲ್ಲಿನ ತಪ್ಪುಗಳು.

ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್ ಸಾಕು. ಅದರ ಅಧಿಕೃತ ತಾಣ ಗಿಂಪ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ. ಬೇರೆ ಡೌನ್‌ಲೋಡ್ ತಾಣಗಳು ಬೇಡದ್ದನ್ನೂ ಜೊತೆಗೆ ಕಟ್ಟಿಕೊಡುತ್ತವೆ. 2025ರ ಮಾರ್ಚ್‌ನಲ್ಲಿ 3.0 ಆವೃತ್ತಿ ಬಂದಿದೆ. ಹಳೆಯ ಕಂಪ್ಯೂಟರ್ ಇದ್ದವರಿಗೆ 2.10 ಆದರೂ ನಡೆಯುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಫೋಟೊ ಆಗಿಯೇ ಕಳಿಸಿದರೆ ಚಿತ್ರ ಕುಗ್ಗಿ ಬರುತ್ತದೆ, ಮಣಿಗಳ ಅಂಚು ಆಗಲೇ ಕಲಸಿಹೋಗಿರುತ್ತದೆ.

ಮೂರು ಲೇಯರ್

ಫೋಟೊ ತೆರೆದು, ಶಿಫ್ಟ್+ಕಂಟ್ರೋಲ್+ಡಿ ಎರಡು ಸಲ ಒತ್ತಿ. ಕೆಳಗಿನದಕ್ಕೆ ‘ತಳ’, ನಡುವಿನದಕ್ಕೆ ‘ಮಸುಕು’, ಮೇಲಿನದಕ್ಕೆ ‘ವೇಷ’ ಎಂದು ಹೆಸರಿಡಿ. ಹೆಸರಿಡದೆ ಮುಂದುವರಿದವರು ಹತ್ತು ನಿಮಿಷದಲ್ಲಿ ತಪ್ಪು ಲೇಯರಿನ ಮೇಲೆ ಬ್ರಷ್ ಆಡಿಸುತ್ತಿರುತ್ತಾರೆ.

‘ವೇಷ’ ಲೇಯರಿನಲ್ಲಿ ಫೋರ್‌ಗ್ರೌಂಡ್ ಸೆಲೆಕ್ಟ್ ಉಪಕರಣದಿಂದ ವೇಷದ ಸುತ್ತ ಸಡಿಲವಾಗಿ ಗೆರೆ ಎಳೆದು ಎಂಟರ್ ಒತ್ತಿ. ಮುಖ, ಎದೆಕಟ್ಟು, ಭುಜಕೀರ್ತಿ, ಕಚ್ಚೆ, ಎಲ್ಲ ಬಣ್ಣಗಳ ಮೇಲೂ ಒಂದೊಂದು ಗೀರು ಬೀಳಲಿ. ಮತ್ತೆ ಎಂಟರ್ ಕೊಟ್ಟರೆ ಆಯ್ಕೆ ಸಿದ್ಧ. ಆಮೇಲೆ ಲೇಯರ್ ಮೆನುವಿನ ಮಾಸ್ಕ್‌ನಲ್ಲಿ ಆ್ಯಡ್ ಲೇಯರ್ ಮಾಸ್ಕ್, ಅದರಲ್ಲಿ ‘ಸೆಲೆಕ್ಷನ್’. ಇರೇಸರ್ ಮುಟ್ಟಲೇಬೇಡಿ. ಅಳಿಸಿದ ಮಣಿ ಹೋಯಿತೆಂದರೆ ಹೋಯಿತು. ಮಾಸ್ಕ್‌ನಲ್ಲಾದರೆ ಬಿಳಿ ಬಳಿದು ಮರಳಿ ತರಬಹುದು, ಕಪ್ಪು ಬಳಿದು ಮರೆಸಬಹುದು. ಒಂದೇ ಕ್ಲಿಕ್ಕಿಗೆ ಹಿನ್ನೆಲೆ ತೆಗೆಯುವ ಆನ್‌ಲೈನ್ ತಾಣಗಳು ಪಾಸ್‌ಪೋರ್ಟ್ ಫೋಟೊಗೆ ಸರಿ. ಕಿರೀಟ, ಮುಂದಲೆಗಳ ಅಂಚನ್ನು ಅವು ತಿಂದುಹಾಕುತ್ತವೆ, ಪುಕ್ಕಟೆ ಕೊಡುವ ಚಿತ್ರವೂ ಸಾಮಾನ್ಯವಾಗಿ ಚಿಕ್ಕದು.

ಈಗ ಅಂಚು. ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ. ಇದನ್ನು ಮರೆತು ಫೋಟೊಗೇ ಕಪ್ಪು ಬಳಿಯುವವರೇ ಬಹಳ. ಶಿಫ್ಟ್+ಕಂಟ್ರೋಲ್+ಎ ಒತ್ತಿ ಆಯ್ಕೆ ತೆಗೆದುಹಾಕಿ. ಅದು ಉಳಿದರೆ ಮುಂದಿನ ಕೆಲಸವೆಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಮಾಸ್ಕ್‌ಗೆ ಗಾಸಿಯನ್ ಬ್ಲರ್, ಸೈಜ್ 1.5. ಬಳಿಕ ಕಲರ್ಸ್ ಮೆನುವಿನ ಲೆವೆಲ್ಸ್‌ನಲ್ಲಿ ಎಡತುದಿಯ ಕಪ್ಪು ತ್ರಿಕೋನವನ್ನು 80–100ರವರೆಗೆ ಬಲಕ್ಕೆ ಸರಿಸಿ. ಅಂಚು ತುಸು ಒಳಕ್ಕೆ ಜರುಗಿ, ಅಂಟಿಕೊಂಡಿದ್ದ ಹಳೆಯ ಹಿನ್ನೆಲೆಯ ಗೆರೆ ಮಾಯವಾಗುತ್ತದೆ.

ಬಣ್ಣ ಸೋರುವ ಜಾಗ

ಬ್ಲರ್ ಎಂದರೆ ಪ್ರತಿ ಬಿಂದುವಿಗೂ ಅಕ್ಕಪಕ್ಕದ ಬಿಂದುಗಳ ಸರಾಸರಿ ಬಣ್ಣ ಕೊಡುವುದು. ‘ಮಸುಕು’ ಲೇಯರಿನಲ್ಲಿ ವೇಷ ಇನ್ನೂ ಇದೆ. ಹಾಗೇ ಬ್ಲರ್ ಕೊಟ್ಟರೆ ಕಚ್ಚೆಯ ಕೆಂಪು ಹೊರಗೆ ಹರಿಯುತ್ತದೆ, ಮೇಲಿನ ಚೊಕ್ಕ ವೇಷದ ಸುತ್ತ ಇಣುಕುತ್ತದೆ. ಕೆಂಪು ಹೊಗೆ ಎಂದದ್ದು ಇದನ್ನೇ. ಆದ್ದರಿಂದ ಬ್ಲರ್‌ಗಿಂತ ಮೊದಲು ‘ಮಸುಕು’ ಲೇಯರಿನಿಂದ ವೇಷವನ್ನು ತೆಗೆಯಬೇಕು.

‘ವೇಷ’ದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ. ‘ಮಸುಕು’ ಆರಿಸಿ ಕ್ಲೋನ್ ಉಪಕರಣ ಹಿಡಿಯಿರಿ. ಕಂಟ್ರೋಲ್ ಒತ್ತಿ ಹಿಡಿದು ಪಕ್ಕದ ಪರದೆಯನ್ನೋ ಮರಳನ್ನೋ ಕ್ಲಿಕ್ ಮಾಡಿ, ಅದನ್ನು ವೇಷದ ಅಂಚಿನ ಮೇಲೆ ಬಳಿಯುತ್ತ ಒಳಕ್ಕೆ ಬನ್ನಿ. ಎಷ್ಟು ಒಳಕ್ಕೆ? ಕೊಡಲಿರುವ ಬ್ಲರ್ ಸೈಜ್‌ನ ಮೂರು ಪಟ್ಟು. ಸೈಜ್ 15 ಆದರೆ ಸುಮಾರು 45 ಪಿಕ್ಸೆಲ್. ಅದಕ್ಕಿಂತ ಒಳಗಿನ ಬಣ್ಣ ಹೊರಗೆ ಬರುವುದಿಲ್ಲ, ಪೂರ್ತಿ ವೇಷ ಅಳಿಸುತ್ತ ಕೂರುವ ಅಗತ್ಯವಿಲ್ಲ. ಬಳಿದದ್ದು ಒರಟಾಗಿದ್ದರೂ ಚಿಂತೆಯಿಲ್ಲ. ಇಲ್ಲಿ ಹೀಲ್ ಉಪಕರಣ ಬೇಡ. ಅದು ಸುತ್ತಲಿನ ಬಣ್ಣಕ್ಕೆ ಹೊಂದಿಸಲು ಹೋಗಿ ಕಚ್ಚೆಯ ಕೆಂಪನ್ನೇ ಎಳೆದು ತರುತ್ತದೆ.

ಈಗ ‘ವೇಷ’ದ ಕಣ್ಣಿನ ಗುರುತು ಮತ್ತೆ ಒತ್ತಿ ಅದನ್ನು ಕಾಣಿಸಿ. ‘ಮಸುಕು’ ಲೇಯರಿಗೆ ಫಿಲ್ಟರ್ಸ್, ಬ್ಲರ್, ಗಾಸಿಯನ್ ಬ್ಲರ್. ಸುಮಾರು 4000 ಪಿಕ್ಸೆಲ್ ಅಗಲದ ಮೊಬೈಲ್ ಫೋಟೊಗೆ 12ರಿಂದ 18 ಸಾಕು. 30 ದಾಟಿಸಿದರೆ ಹಿಂದಿರುವುದು ಭಾಗವತರೋ ಬಾಳೆಗಿಡವೋ ತಿಳಿಯದು. ರಾತ್ರಿಯ ಆಟದಲ್ಲಿ ಹಿಂದೆ ಬಲ್ಬ್‌ಗಳಿದ್ದರೆ ಗಾಸಿಯನ್ ಅವನ್ನು ಹಾಲು ಚೆಲ್ಲಿದಂತೆ ಮಾಡುತ್ತದೆ. ಆಗ ಲೆನ್ಸ್ ಬ್ಲರ್ ಬಳಸಿ, ದೀಪಗಳು ಕ್ಯಾಮೆರಾದಲ್ಲಿ ಬರುವ ಹಾಗೆ ದುಂಡಗಾಗುತ್ತವೆ.

ಕಾಲು ನೆಲದ ಮೇಲೆ

ಕಾಲಡಿಯ ನೆಲ ವೇಷದಷ್ಟೇ ದೂರದಲ್ಲಿದೆ, ಹಾಗಾಗಿ ಅದೂ ಸ್ಪಷ್ಟವಾಗಿರಬೇಕು. ‘ಮಸುಕು’ ಲೇಯರಿಗೆ ಬಿಳಿ ಮಾಸ್ಕ್ ಸೇರಿಸಿ. ಡಿ ಒತ್ತಿದರೆ ಬಣ್ಣಗಳು ಕಪ್ಪು-ಬಿಳಿ ಆಗುತ್ತವೆ, ಜಿ ಒತ್ತಿದರೆ ಗ್ರೇಡಿಯೆಂಟ್ (ಕಪ್ಪಿನಿಂದ ಬಿಳಿಗೆ ಮೆಲ್ಲಗೆ ತಿರುಗುವ ಬಣ್ಣ) ಸಿಗುತ್ತದೆ. ಪಾದದಿಂದ ಶುರುಮಾಡಿ ಕಂಟ್ರೋಲ್ ಹಿಡಿದು ನೇರ ಮೇಲಕ್ಕೆ ಎಳೆಯಿರಿ.

ಎಲ್ಲಿವರೆಗೆ ಎಂಬುದರಲ್ಲೇ ಎಡವುವುದು. ಕಾರವಾರದ ಕಡಲತೀರದಲ್ಲಿ ತೆಗೆದ ಫೋಟೊ ಆದರೆ ಮರಳು ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ, ಗ್ರೇಡಿಯೆಂಟ್ ನೀರಂಚಿನವರೆಗೆ ಉದ್ದ ಇರಲಿ. ರಂಗಸ್ಥಳದಲ್ಲಾದರೆ ನೆಲ ಮುಗಿದು ಪರದೆ ಏಳುವ ಗೆರೆಗೆ ನಿಲ್ಲಿಸಿ. ಪರದೆ ಮೇಲಿಂದ ಕೆಳಗೂ ಒಂದೇ ದೂರದಲ್ಲಿದೆ, ಅದರ ತಳ ಸ್ಪಷ್ಟ, ತಲೆ ಮಸುಕು ಆದರೆ ಕಣ್ಣಿಗೆ ಸುಳ್ಳೆನಿಸುತ್ತದೆ. ವೇಷದ ಸಾಲಿನಲ್ಲೇ ಇನ್ನೊಬ್ಬ ಪಾತ್ರಧಾರಿ ನಿಂತಿದ್ದರೆ ಹಾರ್ಡ್‌ನೆಸ್ 0 ಇಟ್ಟ ಬ್ರಷ್‌ನಲ್ಲಿ, ಅಪಾಸಿಟಿ 25ರಂತೆ ನಾಲ್ಕಾರು ಸಲ ಕಪ್ಪು ಬಳಿದು ಅವರನ್ನೂ ಹೊರತನ್ನಿ.

ನೆಲಕ್ಕೆ ಪಟ್ಟೆಪಟ್ಟೆ ಜಮಖಾನ ಹಾಸಿದ್ದರೆ ಗ್ರೇಡಿಯೆಂಟ್‌ನ ನಡುಭಾಗದಲ್ಲಿ ಸ್ಪಷ್ಟ ಗೆರೆ, ಮಸುಕು ಗೆರೆ ಎರಡೂ ಒಟ್ಟಿಗೆ ಕಂಡು ಜೋಡಿಬಿಂಬ ಆಗುತ್ತದೆ. ಹೀಗಾಗುತ್ತದೆ ಎನಿಸಿದರೆ ಬ್ಲರ್ ಕೊಡುವ ಮೊದಲೇ ‘ಮಸುಕು’ವಿನ ಇನ್ನೊಂದು ಪ್ರತಿ ಮಾಡಿ, ಒಂದಕ್ಕೆ ಸೈಜ್ 6, ಅದರ ಮೇಲಿನದಕ್ಕೆ 15 ಕೊಟ್ಟು, ಮೇಲಿನದರ ಗ್ರೇಡಿಯೆಂಟನ್ನು ಕೆಳಗಿನದು ಮುಗಿಯುವಲ್ಲಿ ಶುರುಮಾಡಿ.

ಬೇರೆ ಚಿತ್ರ ಬೆಸೆಯುವಾಗ

ಕಾಗದದಿಂದ ಸ್ಕ್ಯಾನ್ ಮಾಡಿದ ಮೇಳದ ಮುದ್ರೆಗೆ ಮೋಡ್ (ಲೇಯರ್ ಕೆಳಗಿನದರೊಂದಿಗೆ ಬೆರೆಯುವ ಬಗೆ) ‘ಮಲ್ಟಿಪ್ಲೈ’, ಬಿಳಿ ಕಾಗದ ಕಾಣೆಯಾಗುತ್ತದೆ. ಕಪ್ಪು ಹಿನ್ನೆಲೆಯ ದೀಪಗಳಿಗೆ ‘ಸ್ಕ್ರೀನ್’, ಕಪ್ಪು ಕಾಣೆಯಾಗುತ್ತದೆ. ಹಗಲಲ್ಲಿ ತೆಗೆದ ವೇಷದ ಹಿಂದೆ ಕಾರವಾರದ ಸೂರ್ಯಾಸ್ತ ಕೂರಿಸುವ ಆಸೆ ಬೇಡ. ಹಿಂದೆ ಸೂರ್ಯನಿದ್ದೂ ಮುಖದ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲಿದ್ದರೆ ಯಾವ ಮೋಡ್ ಕೂಡ ಅದನ್ನು ಬೆಸೆಯದು.

ಕೊನೆಗೆ ‘ಮಸುಕು’ ಲೇಯರಿನ ಚಿತ್ರಕ್ಕೆ, ಮಾಸ್ಕ್‌ಗಲ್ಲ, ಆರ್‌ಜಿಬಿ ನಾಯ್ಸ್ (ಬಣ್ಣದ ಸಣ್ಣ ಚುಕ್ಕೆಗಳು) ಅನ್ನು 0.02ರಿಂದ 0.05ರಷ್ಟು ಸೇರಿಸಿ. ಬ್ಲರ್ ಫೋಟೊದ ಸಹಜ ಕಾಳನ್ನೂ ಒರೆಸಿಬಿಡುತ್ತದೆ; ಅದಿಲ್ಲದಿದ್ದರೆ ವೇಷ ಅಂಟಿಸಿದ ಹಾಗೆ ಕಾಣುತ್ತದೆ, ಆಕಾಶದಲ್ಲಿ ಪಟ್ಟೆಗಳೂ ಏಳುತ್ತವೆ. ಕೀಲಿಮಣೆಯಲ್ಲಿ 1 ಒತ್ತಿ, ಪೂರ್ಣ ಗಾತ್ರದಲ್ಲಿ ಮುಂದಲೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಪರದೆಗೆ ಹೊಂದಿಸಿದ ಚಿಕ್ಕ ಚಿತ್ರದಲ್ಲಿ ಅಡಗುವ ತಪ್ಪುಗಳು ಎಂಟಡಿ ಫ್ಲೆಕ್ಸ್‌ನಲ್ಲಿ ಅಡಗುವುದಿಲ್ಲ. ಲೇಯರ್‌ಗಳೆಲ್ಲ ಉಳಿಯುವ ಎಕ್ಸ್‌ಸಿಎಫ್ (ಗಿಂಪ್‌ನ ಸ್ವಂತ ಕಡತ) ಪ್ರತಿಯನ್ನು ಉಳಿಸಿಕೊಂಡು, ಪ್ರೆಸ್‌ಗೆ ಶಿಫ್ಟ್+ಕಂಟ್ರೋಲ್+ಇ ಒತ್ತಿ ತೆಗೆದ ಜೆಪೆಗ್ ಕೊಡಿ, ಕ್ವಾಲಿಟಿ 90ಕ್ಕಿಂತ ಕೆಳಗಿಳಿಸಬೇಡಿ.