ಹೊಸ ಲೈಸೆನ್ಸಿಗೆ ರಾತ್ರಿ ಗಡಿ: ಮನೆಯಲ್ಲೇ ಹಾಕುವುದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 18 ತುಂಬದ ಹೊಸ ಚಾಲಕರು ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಕಾರು ಓಡಿಸುವಂತಿಲ್ಲ. ನಾರ್ತ್ ಕೆರೊಲಿನಾದಲ್ಲಿ ಈ ಗಡಿ ರಾತ್ರಿ 9ಕ್ಕೇ ಶುರು. ನಮ್ಮಲ್ಲಿ ಅಂಥ ಕಾನೂನಿಲ್ಲ. ಲೈಸೆನ್ಸ್ ಕೈಗೆ ಬಂದ ದಿನವೇ ಮಗ ಮಧ್ಯರಾತ್ರಿ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಇಳಿದರೂ ಕೇಳುವವರಿಲ್ಲ. ಗಡಿ ಹಾಕುವ ಕೆಲಸ ಮನೆಯವರದ್ದೇ.

18 ತುಂಬದಿದ್ದರೆ ಹಗಲಿನಲ್ಲೂ ಬೇಡ. 16ಕ್ಕೆ ಸಿಗುವುದು 50 ಸಿಸಿವರೆಗಿನ ಬೈಕಿನ ಲೈಸೆನ್ಸ್ ಮಾತ್ರ. ಕಾಲೇಜಿಗೆ ಒಯ್ಯುವ 110 ಸಿಸಿ ಸ್ಕೂಟರ್ ಅದರಲ್ಲಿ ಬರುವುದಿಲ್ಲ. ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮೊದಲ ಎರಡು ತಿಂಗಳು ನಿಯಮ ಒಂದೇ: ಹೆಡ್‌ಲೈಟ್ ಹಾಕುವ ಹೊತ್ತಿಗೆ ಗಾಡಿ ಮನೆಯಲ್ಲಿರಬೇಕು. ಆಮೇಲೆ ಸಂಜೆ 7ರಿಂದ 9, ಪಕ್ಕದಲ್ಲಿ ಅನುಭವಿಗಳು ಕೂತು ಕಲಿಸಬೇಕು. ಮೊದಲು ಊರೊಳಗೆ, ನಂತರ ಕಾರವಾರ–ಅಂಕೋಲಾ ಹೆದ್ದಾರಿ. ಘಟ್ಟ ಕೊನೆಗೆ.

ಇಲ್ಲಿ ವೇಗದ ಲೆಕ್ಕ ಬಾಯಿಪಾಠವಾಗಬೇಕು. ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 40 ಮೀಟರ್. 60 ಕಿ.ಮೀ. ವೇಗದಲ್ಲಿ ದನ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 35 ಮೀಟರ್ ಬೇಕು. 40ರ ವೇಗದಲ್ಲಾದರೆ ಒಟ್ಟು 33 ಮೀಟರಿಗೆ ನಿಲ್ಲುತ್ತದೆ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ರಸ್ತೆಯ ಎಡ ಅಂಚಿನ ಬಿಳಿ ಪಟ್ಟಿ ನೋಡಬೇಕು. ಘಟ್ಟದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಡಿಮ್ಮೇ ಸರಿ. ಕರಾವಳಿಯಲ್ಲಿ ಗಾಜಿನ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಹಗಲು ಅದು ಗೊತ್ತಾಗದು. ರಾತ್ರಿ ಎದುರು ಬೆಳಕು ಬಿದ್ದರೆ ಇಡೀ ಗಾಜು ಬೆಳ್ಳಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಪೇಪರಿನಿಂದ ತಿಕ್ಕಿ. ಒಳಮೈಯನ್ನು ಬಿಡಬೇಡಿ, ಹೆಚ್ಚಿನವರು ಮರೆಯುವುದು ಅದನ್ನೇ.

ಒಬ್ಬರನ್ನೇ ಬಿಡುವಾಗ ಹೆಚ್ಚಿನ ಮನೆಗಳಲ್ಲಿ ಎಡವುವುದು ಒಂದೇ ಕಡೆ. ‘9ಕ್ಕೆ ಮನೆಯಲ್ಲಿರು’ ಎಂದರೆ 8.40ಕ್ಕೆ ಹೊರಟ ಹುಡುಗ ತಿರುವುಗಳಲ್ಲಿ ಹೊತ್ತು ಉಳಿಸಲು ನೋಡುತ್ತಾನೆ. ಗಡಿ ಹಾಕಬೇಕಾದದ್ದು ತಲುಪುವ ಹೊತ್ತಿಗಲ್ಲ, ಹೊರಡುವ ಹೊತ್ತಿಗೆ. ಕುಮಟಾದಿಂದ ಶಿರಸಿಗೆ ಬರುವವರಾದರೆ ‘6 ದಾಟಿದರೆ ಹೊರಡಬೇಡ, ಅಲ್ಲೇ ಉಳಿ’ ಎನ್ನಿ. ಉಳಿಯಲು ಒಂದು ಮನೆ ಮೊದಲೇ ಗೊತ್ತು ಮಾಡಿಡಿ. ತಡವಾಯಿತೆಂದು ಫೋನ್ ಬಂದಾಗ ಬೈದರೆ ಮುಂದಿನ ಸಲ ಫೋನೇ ಬರುವುದಿಲ್ಲ.

ಗಾಡಿಯಲ್ಲಿ ಜೊತೆಗೆ ಬರುವ ಗೆಳೆಯರ ಸಂಖ್ಯೆ ಒಂದಕ್ಕೆ ನಿಲ್ಲಲಿ. ಬೆಳಗಿನವರೆಗಿನ ಯಕ್ಷಗಾನಕ್ಕೆ ಹೋದವರು ಆಟ ಮುಗಿದೊಡನೆ ಸ್ಟಿಯರಿಂಗ್ ಹಿಡಿಯಕೂಡದು; ಮಲಗಿ ಎದ್ದು ಹೊರಡಲಿ. ಜೂನ್ ಮಳೆ ಹಿಡಿದರೆ ಮೊದಲ ಎರಡು ತಿಂಗಳ ನಿಯಮವೇ ಮತ್ತೆ ಜಾರಿ, ಎಷ್ಟೇ ಪಳಗಿದ್ದರೂ.