ಜೇಬಿನ ಕಾರ್ಡಿಗೆ ಏನು ಹಾಕಿದೆ, ಏನು ಬಿಟ್ಟೆ

ನರ್ಸಿಂಗ್ ಯೂನಿಫಾರ್ಮ್‌ನ ಜೇಬು ಚಿಕ್ಕದು. ಪೆನ್ನು, ಕತ್ತರಿ, ಸಣ್ಣ ಟಾರ್ಚು ಆಗಲೇ ಅದರಲ್ಲಿ ಕೂತಿರುತ್ತವೆ. ಉಳಿದ ಜಾಗಕ್ಕೆ ಹಿಡಿಯುವುದು ಎ4 ಹಾಳೆಯನ್ನು ಮೂರು ಸಲ ಅರ್ಧ ಮಡಚಿದಷ್ಟು ದೊಡ್ಡ ಕಾರ್ಡು. ಅಂದರೆ 74 ಮಿ.ಮೀ. ಅಗಲ, 105 ಮಿ.ಮೀ. ಉದ್ದ. ರಾಯಚೂರಿನಲ್ಲಿ ಮೊದಲ ಸಲ ವಾರ್ಡ್ ಪೋಸ್ಟಿಂಗ್‌ಗೆ ಹೋಗುವ ನಮ್ಮ ನರ್ಸಿಂಗ್ ವಿದ್ಯಾರ್ಥಿ ಮಕ್ಕಳಿಗೆ, ರಿಂಗಿನಲ್ಲಿ ಪೋಣಿಸಿದ ಇಂಥ ಕಾರ್ಡುಗಳ ಕಟ್ಟು ಮಾಡಲು ಕೂತಾಗ, ಈ ಅಳತೆಯೇ ಅರ್ಧ ತೀರ್ಮಾನ ಮಾಡಿಬಿಟ್ಟಿತು.

ಹಿಂದಿನ ಬ್ಯಾಚಿನವರನ್ನು ಒಂದೇ ಪ್ರಶ್ನೆ ಕೇಳಿದೆ. "ವಾರ್ಡಿನಲ್ಲಿ ಸಿಸ್ಟರ್ ಹತ್ರ ಪದೇ ಪದೇ ಏನು ಕೇಳ್ತಿದ್ರಿ?" ಬಂದ ಉತ್ತರಗಳಲ್ಲಿ ಅನಾಟಮಿ ಇರಲಿಲ್ಲ. ಡ್ರಿಪ್ ಎಷ್ಟು ಹನಿ ಬಿಡಬೇಕು, ಯಾವ ಟೆಸ್ಟಿಗೆ ಯಾವ ಮುಚ್ಚಳದ ಟ್ಯೂಬು, ಈ ಕಸ ಯಾವ ಬಕೆಟ್ಟಿಗೆ. ಇಂಥವೇ. ಹಾಗಾಗಿ ಕೈಯಲ್ಲಿ ಟ್ರೇ ಹಿಡಿದು ನಿಂತಲ್ಲೇ ನೋಡಬೇಕಾದದ್ದು ಮಾತ್ರ ಕಾರ್ಡಿಗೆ ಹೋಯಿತು. ಕೂತು ಓದುವಂಥದ್ದಕ್ಕೆ ಪುಸ್ತಕ ಇದೆಯಲ್ವಾ.

ಔಷಧಿಗಳ ಡೋಸ್ ಪಟ್ಟಿ ಹಾಕಿ ಮೇಡಂ ಅಂತ ಬಹಳ ಜನ ಕೇಳಿದರು. ಹಾಕಲಿಲ್ಲ. ಡೋಸ್ ಇರಬೇಕಾದ ಜಾಗ ಕೇಸ್ ಶೀಟ್. ಜೇಬಿನಲ್ಲಿ ಒಂದು ಅಂಕಿ ಇದ್ದರೆ ಕೇಸ್ ಶೀಟ್ ತೆರೆಯುವ ಮೊದಲು ಕೈ ಜೇಬಿಗೆ ಹೋಗುತ್ತದೆ. ಅದರ ಬದಲು ಲೆಕ್ಕ ಮಾಡುವ ದಾರಿ ಬರೆದೆ. ಬೇಕಾದ ಡೋಸನ್ನು ಕೈಯಲ್ಲಿರುವ ಡೋಸಿನಿಂದ ಭಾಗಿಸಿ, ಅದು ಎಷ್ಟು ಎಂಎಲ್‌ನಲ್ಲಿದೆಯೋ ಅದರಿಂದ ಗುಣಿಸಬೇಕು. 1 ಗ್ರಾಂ ಸೆಫ್ಟ್ರಿಯಾಕ್ಸೋನ್ (ಪುಡಿಯಾಗಿ ಬರುವ ಆಂಟಿಬಯಾಟಿಕ್) ಕರಗಿಸಿ ಒಟ್ಟು 10 ಎಂಎಲ್ ಆಗಿದ್ದರೆ, 750 ಮಿ.ಗ್ರಾಂ.ಗೆ ಎಳೆಯಬೇಕಾದದ್ದು 7.5 ಎಂಎಲ್.

ಡ್ರಿಪ್ಪಿಗೂ ಹಾಗೇ. ಒಟ್ಟು ಎಂಎಲ್ ಅನ್ನು ಸೆಟ್ಟಿನ (ಡ್ರಿಪ್ ಟ್ಯೂಬಿನ) ಹನಿ ಸಂಖ್ಯೆಯಿಂದ ಗುಣಿಸಿ ನಿಮಿಷಗಳಿಂದ ಭಾಗಿಸುವುದು. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟು ಎಂಎಲ್‌ಗೆ 20 ಹನಿಯದು ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಟ್ಟು 15 ಹನಿಯದಾದರೆ 31. ಆದ್ದರಿಂದ "ಸೆಟ್ಟಿನ ಕವರ್ ನೋಡು" ಅನ್ನುವುದನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿದೆ. ಮೈಕ್ರೋ ಸೆಟ್ಟು 60 ಹನಿಯದು. ಅದರಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ, ಲೆಕ್ಕವೇ ಬೇಡ.

ಇನ್ಸುಲಿನ್‌ಗೆ ಇಡೀ ಒಂದು ಕಾರ್ಡು ಕೊಟ್ಟೆ. ಜಾಸ್ತಿ ಆಯಿತು ಅಂದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ನಮ್ಮಲ್ಲಿ ವಯಲ್ (ಸಣ್ಣ ಬಾಟಲಿ) ಇನ್ಸುಲಿನ್ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್. 100 ಯೂನಿಟ್‌ನದೂ ಬರುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ನೈಟ್ ಡ್ಯೂಟಿಯ ಮಂಕು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಎಂಎಲ್. ಅಂದರೆ 50 ಯೂನಿಟ್. ರೋಗಿಗೆ ಬೇಕಿದ್ದದ್ದು 20. ಕಾರ್ಡಿನಲ್ಲಿ ಇರುವುದು ಇಷ್ಟೇ: ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಬಾಯಿಬಿಟ್ಟು ಓದು. ಎರಡೂ ಒಂದೇ ಇದ್ದರೆ ಮಾತ್ರ ಎಳೆ. ಕೊಡುವ ಮೊದಲು ಸಿಸ್ಟರ್‌ಗೆ ತೋರಿಸು. ಶುಗರ್ 70ಕ್ಕಿಂತ ಇಳಿದು ರೋಗಿಗೆ ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡು.

ಕಸದ ಕಾರ್ಡು ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ. ರಕ್ತ ಹತ್ತಿದ ಹತ್ತಿ, ಡ್ರೆಸಿಂಗ್ ಹಳದಿಗೆ. ಡ್ರಿಪ್ ಸೆಟ್ಟು, ಯೂರಿನ್ ಬ್ಯಾಗು, ಗ್ಲೌಸು ಕೆಂಪಿಗೆ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಇಲ್ಲಿ ಕಲರ್ ಪ್ರಿಂಟ್ ತೆಗೆಸುವ ಆಸೆ ಇತ್ತು, ಬಿಟ್ಟೆ. ಜೂನಿಯರ್‌ಗಳು ಅದನ್ನೇ ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ, ಬಣ್ಣವೆಲ್ಲ ಬೂದು ಆಗುತ್ತದೆ. ಬಣ್ಣದ ಹೆಸರನ್ನು ಅಕ್ಷರದಲ್ಲೇ ಬರೆದೆ. ರಕ್ತದ ಟ್ಯೂಬಿಗೂ ಅಷ್ಟೇ. ಸಿಬಿಸಿಗೆ (ರಕ್ತಕಣಗಳ ಎಣಿಕೆ) ನೇರಳೆ ಮುಚ್ಚಳ, ಪಿಟಿಗೆ (ರಕ್ತ ಹೆಪ್ಪುಗಟ್ಟುವ ಸಮಯದ ಟೆಸ್ಟು) ತಿಳಿನೀಲಿ, ಅದನ್ನು ಗೆರೆಯವರೆಗೆ ತುಂಬಲೇಬೇಕು. ಶುಗರ್‌ಗೆ ಬೂದು.

ಬೆಂಗಳೂರಿನ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪಾಕೆಟ್ ಬುಕ್ಕು ಇದ್ದರೂ ನಾನೇ ಮಾಡಲು ಕಾರಣ ಕ್ಯಾಶುವಾಲಿಟಿ ಪುಟ. ಸಿಂಧನೂರು, ಮಾನ್ವಿ ಕಡೆ ಭತ್ತ, ದೇವದುರ್ಗದ ಕಡೆ ಹತ್ತಿ. ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದವರು, ಹಾವು ಕಚ್ಚಿಸಿಕೊಂಡವರು ಬರುತ್ತಲೇ ಇರುತ್ತಾರೆ. ಎಣ್ಣೆ ಕುಡಿದವರಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆಯಾ, ಜೊಲ್ಲು, ಬೆವರು ಸುರಿಯುತ್ತಿದೆಯಾ ನೋಡಬೇಕು. ಬಟ್ಟೆ ತೆಗೆದು ಸೋಪು ನೀರಿನಿಂದ ಮೈ ತೊಳೆಯುವುದು ಮಕ್ಕಳ ಪಾಲಿಗೇ ಬರುವ ಕೆಲಸ, ಗ್ಲೌಸ್ ಹಾಕಿಕೊಂಡೇ ಮಾಡಬೇಕು. ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಮದ್ದು) ಶುರುವಾದ ಮೇಲೆ ಎದೆ ಕ್ಲಿಯರ್ ಆಯಿತಾ, ಪಲ್ಸ್ 80 ದಾಟಿತಾ, ಕಂಕುಳು ಒಣಗಿತಾ ಅಂತ ನೋಡಿ ಬರೆಯುತ್ತಿರಬೇಕು.

ಹಾವಿನ ಕೇಸಿಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. 2 ಎಂಎಲ್ ರಕ್ತ, ಒಣಗಿದ ಶುಭ್ರ ಗಾಜಿನ ಟ್ಯೂಬು. ಪ್ಲಾಸ್ಟಿಕ್ ನಡೆಯಲ್ಲ, ಸೋಪಿನ ಪುಡಿ ಹಾಕಿ ತೊಳೆದದ್ದೂ ನಡೆಯಲ್ಲ. 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡುವುದು. ನಡುನಡುವೆ ಎತ್ತಿ ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ, ಅದಕ್ಕೇ "ಮುಟ್ಟಬೇಡ" ಅಂತಲೂ ಬರೆದೆ.

ಬೇರೆ ಜಿಲ್ಲೆಯಿಂದ, ಕೇರಳದಿಂದ ಬಂದ ಮಕ್ಕಳಿಗೆ ಇಲ್ಲಿನ ಮಾತಿನ ನಾಲ್ಕು ಸಾಲು ಸೇರಿಸಿದೆ. "ಯವ್ವಾ, ಎಲ್ಲಿ ಬ್ಯಾನಿ (ನೋವು) ಆಗ್ತದ?" "ಏನರ ಉಂಡೀರೇನು?" ಗಡಿ ಆಚೆಯಿಂದ ಬರುವವರಿಗೆ ನೋವಿನ ಪ್ರಶ್ನೆಯೇ ತೆಲುಗಿನಲ್ಲಿ, "ನೊಪ್ಪಿ ಎಕ್ಕಡ ಉಂದಿ?"

ಲ್ಯಾಮಿನೇಷನ್ ಮಾಡಿಸುವಾಗ ಒಂದು ಮಾತು. ಹಾಳೆಯನ್ನು ಸ್ವಲ್ಪ ಸಣ್ಣದಾಗಿ ಕತ್ತರಿಸಿ, ಸುತ್ತ ಬರೀ ಪ್ಲಾಸ್ಟಿಕ್ ಅಂಚು ಉಳಿಸಿ. ರಿಂಗಿನ ತೂತು ಆ ಅಂಚಿನಲ್ಲೇ ಇರಲಿ. ಕಾಗದದ ಮೇಲೆ ತೂತು ಬಿದ್ದರೆ ಸ್ಪಿರಿಟ್‌ನಿಂದ ಒರೆಸಿದಾಗ ಒಳಗೆ ಇಳಿದು ಶಾಯಿ ಹರಡುತ್ತದೆ. ಒರೆಸುವುದಂತೂ ದಿನಾ ಆಗಬೇಕು, ವಾರ್ಡಿನಲ್ಲಿ ಮುಟ್ಟಿದ ಕೈ ಅದನ್ನೂ ಮುಟ್ಟುತ್ತದೆ. ಕೊನೆಯ ಕಾರ್ಡು ಖಾಲಿ. ವಾರ್ಡಿನ ಇಂಟರ್‌ಕಾಮ್ ನಂಬರು, ಲ್ಯಾಬಿನ ಸಮಯ ಅಲ್ಲಿ ಮಾರ್ಕರ್‌ನಿಂದ ಬರೆದುಕೊಳ್ಳಬಹುದು. ರೋಗಿಯ ಹೆಸರು ಮಾತ್ರ ಬರೆಯುವಂತಿಲ್ಲ.

ಮುಂದಿನ ಬ್ಯಾಚಿಗೆ ಹೆರಿಗೆ ವಾರ್ಡಿನ ಒಂದು ಕಾರ್ಡು ಸೇರುತ್ತಿದೆ. ಮ್ಯಾಗ್‌ಸಲ್ಫ್‌ನ (ಫಿಟ್ಸ್ ತಡೆಯುವ ಇಂಜೆಕ್ಷನ್) ಮುಂದಿನ ಡೋಸಿಗೆ ಮೊದಲು ಮೊಣಕಾಲಿನ ರಿಫ್ಲೆಕ್ಸ್ ಇದೆಯಾ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಿಲ್ಲ ತಾನೇ, ಹಿಂದಿನ 4 ಗಂಟೆಯಲ್ಲಿ ಮೂತ್ರ 100 ಎಂಎಲ್ ಆದರೂ ಆಗಿದೆಯಾ, ಅದು ಜಾಸ್ತಿಯಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಪಕ್ಕದಲ್ಲಿದೆಯಾ. ಅದಕ್ಕೆ ಜಾಗ ಮಾಡಲು ಬಿ.ಡಿ. (ದಿನಕ್ಕೆ ಎರಡು ಸಲ), ಟಿ.ಡಿ.ಎಸ್. (ಮೂರು ಸಲ), ಎಸ್.ಓ.ಎಸ್. (ಬೇಕಾದಾಗ ಮಾತ್ರ) ಥರದ ಸಂಕ್ಷೇಪಗಳ ಕಾರ್ಡನ್ನು ತೆಗೆಯುತ್ತಿದ್ದೇನೆ. ಅವನ್ನು ಮಕ್ಕಳು ಮೊದಲ ವಾರದಲ್ಲೇ ಕಲಿತುಬಿಡುತ್ತಾರೆ.